ಪ್ಲೇಟಿಂಗ್ ಘಟಕದಲ್ಲಿ ಪರಿಸರ ತರಬೇತಿ: ಕೆಲಸಗಾರರು ನಂಬುವಂತೆ ಕೊಡುವುದು ಹೇಗೆ?

ಬೆಂಗಳೂರಿನ ಪೀಣ್ಯದಲ್ಲಿ ಲೋಹಕ್ಕೆ ಕ್ರೋಮ್ ಲೇಪಿಸುವ ಸಣ್ಣ ಘಟಕಗಳು ಬಹಳ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಳೆಯ ನೋವು. ಇಂಥ ಕಡೆ ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ಸಾಲದು.

ಮೊದಲು ಮಾಲೀಕರು ಎಲ್ಲರೆದುರು ಮಾತು ಕೊಡಬೇಕು: ನೀರು ಶುದ್ಧೀಕರಿಸುವ ಇಟಿಪಿ ಕೆಟ್ಟರೆ ಪ್ಲೇಟಿಂಗ್ ನಿಲ್ಲುತ್ತದೆ, ಆ ದಿನದ ಸಂಬಳ ಯಾರಿಗೂ ಕಡಿತವಾಗುವುದಿಲ್ಲ. ಹಗಲು ಪಾಠ ಹೇಳಿ ರಾತ್ರಿ ಮೋರಿಗೆ ನೀರು ಬಿಟ್ಟರೆ ಮೊದಲು ಕಾಣುವುದು ಕೆಲಸಗಾರರಿಗೇ ಅಲ್ವಾ?

ಎರಡನೆಯದು, ಪಾಠ ಟ್ಯಾಂಕಿನ ಪಕ್ಕದಲ್ಲೇ ನಡೆಯಲಿ, ಶಿಫ್ಟ್ ಸಮಯದಲ್ಲೇ. ಹಿಂದಿ, ಒಡಿಯಾ ಮಾತಾಡುವವರಿದ್ದರೆ ಅವರ ಭಾಷೆಯಲ್ಲೂ ಹೇಳಿಸಿ.

ಮೂರನೆಯದು, ಕಣ್ಣಾರೆ ತೋರಿಸಿ. ಕ್ರೋಮ್ ತೊಳೆದ ನೀರು ಹಳದಿ. ಇಟಿಪಿ ಆಪರೇಟರ್ ಅದಕ್ಕೆ ಆಮ್ಲ ಹಾಕಿ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಅನ್ನು 2–3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಹಳದಿ ಹೋಗಿ ಹಸಿರು ಬರುತ್ತದೆ. ಕ್ಯಾನ್ಸರ್ ತರಬಲ್ಲ ಕ್ರೋಮಿಯಂ-6, ಅಷ್ಟು ವಿಷವಲ್ಲದ ಕ್ರೋಮಿಯಂ-3 ಆಯಿತು ಅಂತ ಅರ್ಥ. ಆಮೇಲೆ ಸುಣ್ಣ ಹಾಕಿ ಪಿಎಚ್ 8–9ಕ್ಕೆ ಏರಿಸಿದಾಗ ಅದು ಕೆಸರಾಗಿ ತಳ ಸೇರುತ್ತದೆ. ಬಣ್ಣ ಬದಲಾಗುವುದನ್ನು ಕಂಡವರು ಈ ಪಾಠ ಮರೆಯುವುದಿಲ್ಲ. ಎಚ್ಚರವೂ ಬೇಕು: ಸೈನೈಡ್ ಬಳಸುವ ಪ್ಲೇಟಿಂಗ್ ಲೈನ್‌ನ ನೀರು ಆಮ್ಲಕ್ಕೆ ಸೇರಿದರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಎರಡಕ್ಕೂ ಬೇರೆ ಪೈಪ್, ಬೇರೆ ಬಣ್ಣ ಇರಲೇಬೇಕು.

ಇನ್ನೊಂದು ಸಣ್ಣ ಅಭ್ಯಾಸ ಕಲಿಸಿ. ಜಿಗ್ (ಲೇಪಿಸುವ ವಸ್ತುಗಳನ್ನು ತೂಗುಹಾಕುವ ಚೌಕಟ್ಟು) ಎತ್ತಿದ ಕೂಡಲೇ ತೊಳೆಯುವ ತೊಟ್ಟಿಗೆ ಒಯ್ಯದೆ, ಕ್ರೋಮ್ ಟ್ಯಾಂಕಿನ ಮೇಲೇ ಸ್ವಲ್ಪ ಹೊತ್ತು ಹಿಡಿದು ಹನಿ ಇಳಿಸಬೇಕು. ಕ್ರೋಮ್ ಉಳಿಯುತ್ತದೆ, ಇಟಿಪಿಗೆ ಹೊರೆಯೂ ಕಡಿಮೆ. ಆದರೆ ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ಆ ಕ್ಷಣಗಳೂ ದುಡ್ಡೇ. ದರ ಜಾಸ್ತಿ ಮಾಡದೆ ಸುಮ್ನೆ ಉಪದೇಶ ಮಾಡುವುದು ಅನ್ಯಾಯ.

ಕೆಸರು ಅಪಾಯಕಾರಿ ತ್ಯಾಜ್ಯ. 2016ರ ನಿಯಮದಂತೆ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಚೀಲದ ಮೇಲೆ ದಿನಾಂಕ ಬರೆಸಿ.

ಕೊನೆಗೆ, ನೀರಿನ ಲ್ಯಾಬ್ ವರದಿಯನ್ನು ನೋಟಿಸ್ ಬೋರ್ಡಿಗೆ ಹಾಕಿ. ಕೆರೆ, ಹೊಳೆಗೆ ಬಿಡುವ ನೀರಿನಲ್ಲಿ ಕ್ರೋಮಿಯಂ-6 ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ದಾಟಿದ್ದರೆ ಆ ವರದಿಯನ್ನೂ ಹಾಕಿ, ಸರಿಪಡಿಸಲು ಏನು ಮಾಡುತ್ತಿದ್ದೀರಿ ಅಂತ ಕೆಳಗೆ ಬರೆಯಿರಿ. ಸೋರಿಕೆ ಕಂಡು ಹೇಳಿದವರನ್ನು ಗದರಬೇಡಿ. ಅವರನ್ನೇ ಕರೆದುಕೊಂಡು ಹೋಗಿ, ಅವರೆದುರೇ ಪೈಪ್ ರಿಪೇರಿ ಮಾಡಿಸಿ.