ಒಬ್ಬರೇ ಮಕ್ಕಳನ್ನು ಸಾಕುವವರಿಗೆ: ಕೊಡಗಿನಲ್ಲಿ ಯಾವ ನೆರವಿಗೆ ಯಾವ ಕಚೇರಿ, ಯಾವ ಕಾಗದ

ಸರ್ಕಾರದ ಅರ್ಜಿ ನಮೂನೆಗಳಲ್ಲಿ ‘ಏಕಪೋಷಕರು’ ಎಂಬ ಕಲಂ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಅರ್ಜಿದಾರರು ವಿಧವೆಯೇ, ವಿಚ್ಛೇದಿತೆಯೇ, ಅವಿವಾಹಿತೆಯೇ ಎಂದಷ್ಟೇ ಅಲ್ಲಿ ಕೇಳುತ್ತಾರೆ, ಉತ್ತರಕ್ಕೆ ತಕ್ಕಂತೆ ಯೋಜನೆಯೂ ಕಚೇರಿಯೂ ಬದಲಾಗುತ್ತವೆ. ಆದ್ದರಿಂದ ‘ನನಗೆ ಏನು ಸಿಗುತ್ತದೆ’ ಎಂದು ವಿಚಾರಿಸುವ ಮೊದಲು ‘ಕಾಗದದ ಮೇಲೆ ನಾನು ಯಾರು’ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗಂಡ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಇರುತ್ತದೆ, ವಿಚ್ಛೇದನವಾಗಿದ್ದರೆ ನ್ಯಾಯಾಲಯದ ಡಿಕ್ರಿ ಇರುತ್ತದೆ. ಗಂಡ ಬಿಟ್ಟುಹೋಗಿ ವರ್ಷಗಳೇ ಕಳೆದಿದ್ದರೂ ದಾಖಲೆಯಲ್ಲಿ ಇನ್ನೂ ವಿವಾಹಿತೆಯಾಗಿಯೇ ಉಳಿದವರ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ಹೆಚ್ಚು ಅಲೆಯಬೇಕಾಗಿ ಬರುವುದು ಅವರಿಗೇ ಆದ್ದರಿಂದ ಅವರ ವಿಷಯವನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಗಂಡನನ್ನು ಕಳೆದುಕೊಂಡವರು ಮೊದಲು ಗಮನಿಸಬೇಕಾದುದು ಮರಣ ನೋಂದಣಿಯನ್ನು. 21 ದಿನಗಳೊಳಗೆ ನೋಂದಾಯಿಸಿದರೆ ತೊಡಕಿಲ್ಲ. ಅದನ್ನು ಮೀರಿದರೆ ದಂಡ ಶುಲ್ಕ, 30 ದಿನ ಮೀರಿದರೆ ಮೇಲಧಿಕಾರಿಯ ಅನುಮತಿ, ಒಂದು ವರ್ಷ ಕಳೆದರೆ ದಂಡಾಧಿಕಾರಿಯ ಆದೇಶ, ಹೀಗೆ ಕೆಲಸ ಬೆಳೆಯುತ್ತಲೇ ಹೋಗುತ್ತದೆ. ಮಳೆಗಾಲದಲ್ಲಿ ಕರಿಕೆಯಂಥ ಊರಿನಿಂದ ಭಾಗಮಂಡಲಕ್ಕೋ ಮಡಿಕೇರಿಗೋ ಬರುವುದೇ ಒಂದು ದಿನದ ಕೆಲಸವಾದ ನಮ್ಮ ಜಿಲ್ಲೆಯಲ್ಲಿ ಈ ಗಡುವುಗಳು ಅರಿವಿಲ್ಲದೆಯೇ ದಾಟಿಹೋಗುತ್ತವೆ. ಪ್ರಮಾಣಪತ್ರದ ನಾಲ್ಕೈದು ಪ್ರತಿಗಳನ್ನು ಒಮ್ಮೆಗೇ ಪಡೆದುಕೊಳ್ಳಿ. ಅನಂತರ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ ಆದಾಯ ಪ್ರಮಾಣಪತ್ರಕ್ಕೂ ಅರ್ಜಿ ಕೊಡಿ. ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುವುದರಿಂದ ಅದರಲ್ಲಿ ನಮೂದಾದ ಮೊತ್ತ ಸರಿಯಾಗಿದೆಯೇ ಎಂದು ಕೌಂಟರಿನಿಂದ ಹೊರಡುವ ಮೊದಲೇ ಓದಿಕೊಳ್ಳಬೇಕು.

ನಿರ್ಗತಿಕ ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ, ಮರುವಿವಾಹವಾದರೆ ವೇತನ ನಿಲ್ಲುತ್ತದೆ. ವಿಚ್ಛೇದಿತರಿಗೂ ಅವಿವಾಹಿತರಿಗೂ ಇರುವ ಮನಸ್ವಿನಿ ಯೋಜನೆಯ ಮೊತ್ತವೂ ಅಷ್ಟೇ, ಆದರೆ ವಯಸ್ಸು 40ರಿಂದ 64ರೊಳಗಿರಬೇಕು. ಎಳೆಯ ಮಕ್ಕಳಿರುವ ತಾಯಂದಿರ ವಯಸ್ಸು ಬಹುಪಾಲು ಅದಕ್ಕಿಂತ ಕಡಿಮೆಯಾಗಿರುವುದರಿಂದ ಮನಸ್ವಿನಿಯೊಂದನ್ನೇ ನೆಚ್ಚಿಕೊಂಡು ಕೂರುವುದು ಸರಿಯಲ್ಲ. ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ದುಡಿಯುವ ಮುಖ್ಯ ವ್ಯಕ್ತಿ 60 ತುಂಬುವ ಮೊದಲೇ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದೇ ಕಂತಿನಲ್ಲಿ 20,000 ರೂಪಾಯಿ ದೊರೆಯುತ್ತದೆ. ವೇತನವಾಗಲಿ ನೆರವಾಗಲಿ ಬ್ಯಾಂಕ್ ಖಾತೆಗೇ ಜಮೆಯಾಗುವುದರಿಂದ ಆಧಾರ್ ಜೋಡಣೆಯನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ತೋಟದ ಕೆಲಸಗಾರರ ಕುಟುಂಬಗಳು ಅನೇಕ ವೇಳೆ ಮರೆಯುವುದು ಭವಿಷ್ಯನಿಧಿಯನ್ನು. ಗಂಡನ ಕೂಲಿಯಲ್ಲಿ ಪಿ.ಎಫ್. ಕಡಿತವಾಗುತ್ತಿದ್ದರೆ ಕೂಡಿಟ್ಟ ಹಣದ ಜೊತೆಗೆ ಹೆಂಡತಿಗೆ ಮಾಸಿಕ ಪಿಂಚಣಿಯೂ, ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ ಮಕ್ಕಳ ಪಿಂಚಣಿಯೂ ಇದೆ, ಸೇವೆಯಲ್ಲಿರುವಾಗಲೇ ಮರಣ ಸಂಭವಿಸಿದ್ದರೆ ವಿಮೆಯ ಮೊತ್ತವೂ ಸೇರುತ್ತದೆ. ಲೈನ್ ಮನೆ (ತೋಟದ ಕೆಲಸಗಾರರ ವಸತಿ) ಬಿಟ್ಟು ಬೇರೆಡೆಗೆ ಹೋಗುವ ಮೊದಲು ತೋಟದ ಕಚೇರಿಯಿಂದ ಗಂಡನ ಪಿ.ಎಫ್. ಸಂಖ್ಯೆಯನ್ನು ಬರೆಸಿಕೊಳ್ಳಿ. ನಮೂನೆ 20 ಕೂಡಿಟ್ಟ ಹಣಕ್ಕೆ, 10-ಡಿ ಪಿಂಚಣಿಗೆ, 5-ಐಎಫ್ ವಿಮೆಗೆ. ಕಾಡಾನೆಯ ದಾಳಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ಅರಣ್ಯ ಇಲಾಖೆ ಪರಿಹಾರ ಧನದ ಜೊತೆಗೆ ಐದು ವರ್ಷಗಳ ಕಾಲ ಮಾಸಾಶನವನ್ನೂ ಕೊಡುತ್ತದೆ. ಪರಿಹಾರದ ಚೆಕ್ಕು ಕೈಸೇರಿದ ಮೇಲೆ ಮಾಸಾಶನದ ಅರ್ಜಿಯನ್ನು ಮರೆತವರಿದ್ದಾರೆ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೇ ಸಲ್ಲುತ್ತದೆ. ಅತ್ತೆಯ ಚೀಟಿಯಲ್ಲಿ ಸೊಸೆಯಾಗಿ ಹೆಸರಿದ್ದು ಈಗ ತವರಿನಲ್ಲಿಯೋ ಬಾಡಿಗೆ ಮನೆಯಲ್ಲಿಯೋ ಮಕ್ಕಳೊಂದಿಗೆ ಇರುವವರಿಗೆ ಈ ಹಣ ಬರಬೇಕಾದರೆ ಆ ಚೀಟಿಯಿಂದ ಹೆಸರು ತೆಗೆಸಿ ಬೇರೆ ಚೀಟಿ ಮಾಡಿಸಿಕೊಳ್ಳಬೇಕಾಗುತ್ತದೆ. ತಿದ್ದುಪಡಿಗೆ ಅವಕಾಶ ಕೊಡುವ ದಿನಗಳು ಸೀಮಿತವಾಗಿರುವುದರಿಂದ ಗ್ರಾಮ ಒನ್ ಕೇಂದ್ರದಲ್ಲಿ ಆಗಾಗ ವಿಚಾರಿಸುತ್ತಿರಬೇಕು.

ಇನ್ನು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದರೂ ಹಳ್ಳಿಗಳಿಗೆ ಸರಿಯಾಗಿ ತಲುಪದಿರುವುದು ಮಿಷನ್ ವಾತ್ಸಲ್ಯದಡಿಯ ಪ್ರಾಯೋಜಕತ್ವ ಯೋಜನೆ. ತಾಯಿ ವಿಧವೆಯಾಗಿರಲಿ, ವಿಚ್ಛೇದಿತೆಯಾಗಿರಲಿ, ಕುಟುಂಬದಿಂದ ಪರಿತ್ಯಕ್ತಳಾಗಿರಲಿ, 18 ವರ್ಷದೊಳಗಿನ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೀಡಲು ಇದರಲ್ಲಿ ಅವಕಾಶವಿದೆ. ವಿಧವಾ ವೇತನಕ್ಕೆ ಹೋಲಿಸಿದರೆ ಇದು ಐದು ಪಟ್ಟು. ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000 ರೂಪಾಯಿ, ಉಳಿದೆಡೆ 96,000 ರೂಪಾಯಿ ಮೀರಿರಬಾರದು ಎಂಬ ಮಿತಿಯೂ ವಿಧವಾ ವೇತನದ ಮಿತಿಗಿಂತ ಎಷ್ಟೋ ಉದಾರವಾಗಿದೆ, ಆದ್ದರಿಂದ ಆದಾಯದ ಕಾರಣಕ್ಕೆ ವೇತನ ತಿರಸ್ಕೃತವಾದವರು ಇಲ್ಲಿ ಅರ್ಹರಾಗಬಹುದು. ಅರ್ಜಿಯನ್ನು ಮಡಿಕೇರಿಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಆದಾಯ ಪ್ರಮಾಣಪತ್ರ ಮತ್ತು ತಂದೆ ಇಲ್ಲದಿರುವುದನ್ನು ತೋರಿಸುವ ದಾಖಲೆಯನ್ನು ಜೊತೆಗಿರಿಸಿ. ಸಿಬ್ಬಂದಿ ಮನೆಗೆ ಬಂದು ಪರಿಶೀಲಿಸಿದ ಮೇಲೆ ಸಮಿತಿಯೊಂದು ತೀರ್ಮಾನಿಸುತ್ತದೆ. ಅರ್ಜಿ ಹಾಕಿದವರೆಲ್ಲರಿಗೂ ತಾನಾಗಿ ಸಿಗುವ ಹಣ ಇದಲ್ಲ, ಮಗು ಶಾಲೆ ಬಿಟ್ಟರೆ ನೆರವೂ ನಿಲ್ಲುತ್ತದೆ. ಎಲ್ಲಿಂದ ಪ್ರಾರಂಭಿಸಬೇಕೆಂದು ತಿಳಿಯದಿದ್ದರೆ ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಈಗ ಗಂಡ ಬಿಟ್ಟುಹೋದವರ ವಿಷಯ. ಇವರು ಮೊದಲು ಹೋಗಬೇಕಾದುದು ತಾಲ್ಲೂಕು ಕಚೇರಿಗಲ್ಲ, ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಮಡಿಕೇರಿಯ ಜಿಲ್ಲಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರೂ ಸಾಕು. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಅಲ್ಲಿಂದ ನೇಮಕವಾದ ವಕೀಲರ ಮೂಲಕ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಜೀವನಾಂಶದ ಅರ್ಜಿ ಹಾಕಬೇಕು. 2024ರ ಜುಲೈ 1ಕ್ಕಿಂತ ಮುಂಚೆ ‘125ನೇ ಕಲಂ’ ಎಂದು ಜನರ ಬಾಯಲ್ಲಿದ್ದದ್ದು ಇದೇ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ತಂದೆತಾಯಿಯ ಮದುವೆ ಆಗಿರದಿದ್ದರೂ ಮಗುವಿಗೆ ತಂದೆಯಿಂದ ಜೀವನಾಂಶ ಪಡೆಯುವ ಹಕ್ಕಿದೆ. ಗಂಡ ಬೆಂಗಳೂರಿನಲ್ಲಿರಲಿ, ಕೇರಳದಲ್ಲಿರಲಿ, ನೀವು ವಾಸವಿರುವ ಸ್ಥಳದ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಪ್ರಕರಣ ಮುಗಿಯುವವರೆಗೆ ಕಾಯದೆ ಮಧ್ಯಂತರ ಜೀವನಾಂಶವನ್ನೂ ಕೇಳಬೇಕು, ನೋಟಿಸು ತಲುಪಿದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ಅದನ್ನು ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಜೀವನಾಂಶದ ಲೆಕ್ಕ ಅರ್ಜಿ ಸಲ್ಲಿಸಿದ ದಿನದಿಂದಲೇ ಶುರುವಾಗುತ್ತದೆ ಮತ್ತು ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಬಗ್ಗೆ ಅಫಿಡವಿಟ್ ಸಲ್ಲಿಸಬೇಕು. ನ್ಯಾಯಾಲಯದ ಈ ದಾಖಲೆಗಳೇ ಮುಂದೆ ಪ್ರಾಯೋಜಕತ್ವದ ಅರ್ಜಿಯ ಜೊತೆಗೂ ಉಪಯೋಗಕ್ಕೆ ಬರುತ್ತವೆ. ಗಂಡ ಬಿಟ್ಟುಹೋಗಿದ್ದಾನೆ ಎಂಬುದಕ್ಕೆ ಬಾಯಿಮಾತಿಗಿಂತ ಗಟ್ಟಿಯಾದ ಆಧಾರ ಅದು.

ಆದೇಶ ಸಿಕ್ಕಿದ ಮೇಲೂ ಗಂಡ ಹಣ ಕೊಡದಿದ್ದರೆ ವಾರಂಟಿಗೆ ಅರ್ಜಿ ಹಾಕಬಹುದು, ಆದರೆ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಸುಂಟಿಕೊಪ್ಪದ ಕಡೆಯ ತಾಯಿಯೊಬ್ಬರು ಮೂರು ವರ್ಷದ ಬಾಕಿಯ ಲೆಕ್ಕ ಹಿಡಿದು ನನ್ನಲ್ಲಿಗೆ ಬಂದಿದ್ದಾಗ, ಈ ದಾರಿಯಲ್ಲಿ ಕೊನೆಯ ಹನ್ನೆರಡು ತಿಂಗಳಿನದನ್ನಷ್ಟೇ ಕೇಳಲು ಸಾಧ್ಯ ಎಂದು ಹೇಳಬೇಕಾಗಿ ಬಂದದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಮನೆಯಿಂದ ಹೊರಹಾಕಿದ್ದರೆ ಅಥವಾ ಹಿಂಸೆ ನಡೆದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದಕ್ಕೆ ಸಂರಕ್ಷಣಾಧಿಕಾರಿಗಳು. ತುರ್ತಿದ್ದರೆ 181 ಅಥವಾ 112ಕ್ಕೆ ಕರೆ ಮಾಡಬೇಕು. ಗಂಡನ ಸುಳಿವೇ ಇಲ್ಲದಿದ್ದರೆ ಪೊಲೀಸ್ ಠಾಣೆಯಲ್ಲಿ ನಾಪತ್ತೆ ದೂರು ದಾಖಲಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಿ, ಏಳು ವರ್ಷ ಯಾರಿಗೂ ಸುದ್ದಿಯಿಲ್ಲದಿದ್ದರೆ ಮೃತರೆಂದು ಘೋಷಿಸುವಂತೆ ಸಿವಿಲ್ ನ್ಯಾಯಾಲಯವನ್ನು ಕೋರುವಾಗ ಆ ಪ್ರತಿ ಬೇಕಾಗುತ್ತದೆ.

ಮದುವೆಯಾಗದೆ ತಾಯಿಯಾದವರು ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯಕ್ಕೆ ಅಂಜಬೇಕಾಗಿಲ್ಲ. ಅವಿವಾಹಿತ ತಾಯಿ ಅಫಿಡವಿಟ್ ಸಲ್ಲಿಸಿ ಕೇಳಿದರೆ ಮಗುವಿನ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಪಾಸ್‌ಪೋರ್ಟಿಗೆ ಒಬ್ಬ ಪೋಷಕರ ಹೆಸರು ಸಾಕು, ಪ್ಯಾನ್ ಕಾರ್ಡಿಗೂ ತಾಯಿಯ ಹೆಸರೊಂದೇ ನಡೆಯುತ್ತದೆ.

ಆಸ್ತಿಯ ವಿಷಯದಲ್ಲಿ ಕೊಡಗಿಗೇ ವಿಶೇಷವಾದ ಒಂದು ಎಚ್ಚರಿಕೆಯನ್ನು ಹೇಳಬೇಕು. ಒಕ್ಕದ, ಅಂದರೆ ಮನೆತನದ, ಜಮ್ಮಾ ಜಮೀನಿನ (ವಂಶಪಾರಂಪರ್ಯವಾಗಿ ಬಂದ ಹಿಡುವಳಿಯ) ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಿದ್ದು, ತೀರಿಕೊಂಡ ಗಂಡನ ಹೆಸರು ಕಾಣಿಸದೇ ಇರಬಹುದು. ಅಷ್ಟರಿಂದಲೇ ಹಕ್ಕಿಲ್ಲ ಎಂದು ತಿಳಿಯಬೇಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಯೂ ಮಕ್ಕಳೂ ಮೊದಲ ವರ್ಗದ ವಾರಸುದಾರರು. ದುಃಖದ ದಿನಗಳಲ್ಲಿ ಹಿರಿಯರ ಮಾತಿಗೆ ಕಟ್ಟುಬಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವ ಮೊದಲು ಉಚಿತ ಕಾನೂನು ಸಲಹೆ ಪಡೆಯಿರಿ. ಮಗುವಿನ ಹೆಸರಿಗೆ ಬಂದ ಸ್ವಂತ ಸ್ಥಿರಾಸ್ತಿಯನ್ನು ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ತಾಯಿಯೂ ಮಾರುವಂತಿಲ್ಲ.

ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕುತ್ತಿರುವ ತಂದೆಯರಿಗೆ ವಿಧವಾ ವೇತನದಂಥದ್ದು ಇಲ್ಲ, ಇದು ನನ್ನ ಮಟ್ಟಿಗೆ ದೊಡ್ಡ ಕೊರತೆ. ಕುಟುಂಬ ನೆರವಿನ ಹಣಕ್ಕೆ ಅವರೂ ಅರ್ಹರಾಗಬಹುದು. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಮಹಿಳೆಯರಿಗಿರುವಂತೆ 180 ದಿನಗಳ ಶಿಶುಪಾಲನಾ ರಜೆ ಏಕಪೋಷಕ ತಂದೆಗೂ ಇದೆ.

ಯಾವ ಅರ್ಜಿ ಕೊಟ್ಟರೂ ಸ್ವೀಕೃತಿಯಿಲ್ಲದೆ ಕಚೇರಿಯಿಂದ ಹೊರಬರಬೇಡಿ. ನಿಗದಿತ ಗಡುವಿನೊಳಗೆ ಸೇವೆ ಕೊಡಿಸುವ ‘ಸಕಾಲ’ ಯೋಜನೆಯ ವ್ಯಾಪ್ತಿಗೆ ಬರುವ ಸೇವೆಗಳ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆಯೂ ಕೆಲಸ ಮುಗಿಯಬೇಕಾದ ಗಡುವೂ ಇರುತ್ತವೆ. ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಆ ಸಂಖ್ಯೆಯನ್ನು ನಮೂದಿಸಿ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೊಡುವಂತೆ ವಿನಯದಿಂದ, ಆದರೆ ಬಿಡದೆ ಕೇಳಿ.