ಸಚಿವರ ನೀತಿಸಂಹಿತೆ: ಎಲ್ಲಿ ಬಿಗಿ ಮಾಡಬೇಕು?

ಪ್ರಾಮಾಣಿಕತೆ, ಹೊಣೆಗಾರಿಕೆ, ಪಾರದರ್ಶಕತೆಯಂಥ ಏಳು ತತ್ವಗಳನ್ನು ಸಾರ್ವಜನಿಕ ಹುದ್ದೆಯಲ್ಲಿರುವವರ ನಡತೆಯನ್ನು ಪರಿಶೀಲಿಸಿದ ಬ್ರಿಟನ್ನಿನ ನೋಲನ್ ಸಮಿತಿ 1995ರಲ್ಲೇ ಬರೆದಿಟ್ಟಿದೆ. ಸಚಿವರಿಗೆ ಸಂಹಿತೆ ಬರೆಯುವಾಗ ಅವನ್ನೇ ತಿದ್ದುತ್ತ ಕೂರಬೇಡಿ. ಸಂಹಿತೆಗೆ ಬಲ ಬರುವುದು ಗಡುವಿನಿಂದ. ಕೆನಡಾದ ಹಿತಾಸಕ್ತಿ ಸಂಘರ್ಷ ಕಾಯ್ದೆಯ ಪ್ರಕಾರ ಸಚಿವರು ನೇಮಕವಾದ 60 ದಿನಗಳೊಳಗೆ ಆಸ್ತಿ, ಸಾಲ, ಹಿತಾಸಕ್ತಿಗಳ ಗೋಪ್ಯ ವರದಿ ಕೊಡಬೇಕು. ಷೇರುಗಳಂಥ ಆಸ್ತಿಯನ್ನು 120 ದಿನಗಳೊಳಗೆ ಮಾರಬೇಕು, ಇಲ್ಲವೇ ತಮ್ಮ ಹಿಡಿತವಿಲ್ಲದ ಟ್ರಸ್ಟಿಗೆ ಒಪ್ಪಿಸಬೇಕು.

ಘೋಷಣಾ ಪತ್ರದಲ್ಲಿ ಸಂಗಾತಿ ಮತ್ತು ಅವಲಂಬಿತ ಮಕ್ಕಳ ಹೆಸರಿನಲ್ಲಿರುವುದೂ ಇರಲಿ. ಜಮೀನು, ಷೇರುಗಳ ಜೊತೆಗೆ ಸಾಲ ಮತ್ತು ಜಾಮೀನುಗಳಿಗೂ ಬೇರೆ ಕಲಂ ಇಡಿ. ಸಾಲ ಕೊಟ್ಟವರ ಹಂಗು ಷೇರಿಗಿಂತ ದೊಡ್ಡದು.

ಹೆಚ್ಚು ಎಡವಟ್ಟಾಗುವುದು ಸಚಿವರು ತಮ್ಮ ಹಿತಾಸಕ್ತಿಯಿರುವ ಕಡತದಿಂದ ದೂರ ಸರಿಯುವ ವಿಷಯದಲ್ಲಿ. ಸಭೆಯಿಂದ ಎದ್ದು ಹೋದರೆ ಸಾಲದು, ಅಷ್ಟರಲ್ಲಿ ಟಿಪ್ಪಣಿ ಓದಿ ಅಧಿಕಾರಿಗೆ ಸೂಚನೆ ಕೊಟ್ಟಾಗಿರುತ್ತದೆ. ಹಿತಾಸಕ್ತಿಯಿರುವ ಕಂಪನಿಗಳ ಪಟ್ಟಿ ಆಪ್ತ ಕಾರ್ಯದರ್ಶಿಯ ಬಳಿ ಇರಬೇಕು. ಅಂಥ ಕಡತ ಸಚಿವರ ಮೇಜಿಗೆ ಬರುವ ಮೊದಲೇ ಇನ್ನೊಬ್ಬ ಸಚಿವರಿಗೆ ಹೋಗಬೇಕು, ಆ ವರ್ಗಾವಣೆ ದಾಖಲಾಗಬೇಕು. ತಮ್ಮದೇ ಕೈಕೆಳಗಿನ ಕಿರಿಯ ಸಚಿವರಿಗೆ ಕೊಟ್ಟರೆ ಅದು ಬರೀ ನಾಟಕ.

ಉಡುಗೊರೆಗೆ ಮಿತಿ ಹಾಕುವಾಗ ಒಬ್ಬರಿಂದ ವರ್ಷಕ್ಕೆ ಬಂದ ಒಟ್ಟು ಮೌಲ್ಯವನ್ನು ಲೆಕ್ಕಕ್ಕೆ ಹಿಡಿಯಿರಿ, ಇಲ್ಲದಿದ್ದರೆ ಅದು ತುಂಡುತುಂಡಾಗಿ ಬರುತ್ತದೆ. ಪ್ರಯಾಣ, ಆತಿಥ್ಯವೂ ಉಡುಗೊರೆಯೇ.

ತನಿಖೆ ಶುರುಮಾಡಲು ಸರ್ಕಾರದ ಮುಖ್ಯಸ್ಥರ ಅನುಮತಿ ಬೇಕೆಂದು ಬರೆದರೆ ಇಷ್ಟೂ ವ್ಯರ್ಥ. ಸಂಹಿತೆಯ ಪಾಲನೆ ನೋಡಿಕೊಳ್ಳುವ ಆಯುಕ್ತರು ತಾವಾಗಿಯೇ ತನಿಖೆ ಆರಂಭಿಸಿ, ವರದಿಯನ್ನು ನೇರವಾಗಿ ಪ್ರಕಟಿಸುವಂತಿರಬೇಕು. ಶಿಕ್ಷೆಯಲ್ಲೂ ಮೆಟ್ಟಿಲುಗಳಿರಲಿ: ಕ್ಷಮಾಪಣೆ, ವೇತನ ಕಡಿತ, ರಾಜೀನಾಮೆ. ರಾಜೀನಾಮೆಯೊಂದೇ ಇದ್ದರೆ ಸಣ್ಣ ತಪ್ಪುಗಳಿಗೆ ಯಾರೂ ಕ್ರಮ ಕೈಗೊಳ್ಳುವುದಿಲ್ಲ.