ಜೋನಿ ಬೆಲ್ಲವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾರುವವರಿಗೆ ಒಂದು ಸಲಹೆ

ಆಲೆಮನೆಯ ಹಂಗಾಮು ಹತ್ತಿರವಾಗುತ್ತಿರುವುದರಿಂದ, ಶಿರಸಿ, ಸಿದ್ದಾಪುರದ ಕಡೆಯಿಂದ ಬೆಂಗಳೂರು, ಹುಬ್ಬಳ್ಳಿಯ ಗ್ರಾಹಕರಿಗೆ ನೇರವಾಗಿ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಕಳುಹಿಸಲು ಯೋಚಿಸುತ್ತಿರುವ ಸದಸ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗ್ರಾಹಕರನ್ನೆಲ್ಲ ಒಂದು ಗುಂಪಿಗೆ ಸೇರಿಸುವ ಬದಲು ಒಂದೇ ಸಂದೇಶವನ್ನು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಳ್ಳುವುದು ಉತ್ತಮ. ಗುಂಪಿನಲ್ಲಿ ಒಬ್ಬರ ಫೋನ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಮೇಲಾಗಿ ಬೆಳಗಿನ ಶುಭಾಶಯಗಳ ರಾಶಿಯಲ್ಲಿ ಬೆಲ್ಲದ ಸುದ್ದಿ ಮುಚ್ಚಿಹೋಗುತ್ತದೆ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದಾದರೂ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುವುದರಿಂದ, ಮೊದಲ ಡಬ್ಬಿಯ ಜೊತೆಗೇ ಹಾಗೆ ಕೋರುವ ಚೀಟಿಯೊಂದನ್ನು ಇಡಿ. ಇದು ತಿಳಿಯದೆ ನಾನು ಒಂದು ಹಂಗಾಮು ಪೂರ್ತಿ ಯಾರಿಗೂ ತಲುಪದ ಸಂದೇಶಗಳನ್ನು ಕಳುಹಿಸಿದ್ದೆ.

ಚಿತ್ರಗಳಿಗಿಂತ, ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ಅರ್ಧ ನಿಮಿಷದ ವಿಡಿಯೊ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಅದನ್ನು ಸ್ಟೇಟಸ್‌ನಲ್ಲಿ ಹಾಕಿದರೆ 24 ಗಂಟೆಗಳಲ್ಲಿ ಮರೆಯಾಗುವುದರಿಂದ, ವಾಟ್ಸ್‌ಆ್ಯಪ್‌ನ ಬಿಸಿನೆಸ್ ಆವೃತ್ತಿಯ ಕ್ಯಾಟಲಾಗ್‌ನಲ್ಲಿ (ಸರಕುಗಳ ಪಟ್ಟಿಯಲ್ಲಿ) ತೂಕ, ದರ ಮತ್ತು ಸಾಗಣೆ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಿಡಬೇಕು. ಡಬ್ಬಿಯ ತಳದಲ್ಲಿ ಸಕ್ಕರೆಯಂತೆ ಹರಳುಗಟ್ಟುವುದು ಸಹಜವೆಂದು ಮೊದಲೇ ತಿಳಿಸಿ. ಪೇಟೆಯವರು ಅದನ್ನು ಕಲಬೆರಕೆಯೆಂದೇ ಭಾವಿಸುತ್ತಾರೆ.

ಬೆಲ್ಲವು ಸಂಸ್ಕರಿಸಿದ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. ಒತ್ತಿರೆಂದು ಹೇಳುವ ‘ಗ್ರಾಹಕ’ರ ಕರೆಯನ್ನು ಕೂಡಲೇ ಕಡಿತಗೊಳಿಸಿ.